ಎಸ್‌ಟಿಎಂ-1 ಮತ್ತು ಇ1 ದರಗಳ ಪರಿವರ್ತನೆ

ಎಸ್‌ಟಿಎಂ-1 ಎಂಬುದು ಆಪ್ಟಿಕಲ್ ಫೈಬರ್ ಜಾಲಗಳಲ್ಲಿ ಬಳಕೆಯಾಗುವ, ಸೆಕೆಂಡಿಗೆ 155.52 ಮೆಗಾಬಿಟ್ ದರದ ಸಂಕೇತ. ಅಮೆರಿಕದ ಸೋನೆಟ್ ಮಾನಕದಲ್ಲಿ ಇದಕ್ಕೆ ಸಮನಾದುದು ಓಸಿ-3. ಹಳೆಯ ದೂರವಾಣಿ ಜಾಲದ ಇ1 ಸಂಕೇತದ ದರ 2.048 ಮೆಗಾಬಿಟ್, ಅದರಲ್ಲಿ 64 ಕಿಲೋಬಿಟ್‌ನ 32 ವಾಹಿನಿಗಳಿದ್ದು, ಸಾಮಾನ್ಯವಾಗಿ 30 ಮಾತ್ರ ಸಂಭಾಷಣೆಗೆ ದೊರೆಯುತ್ತವೆ.

ಮೊದಲ ದರವನ್ನು ಎರಡನೆಯದರಿಂದ ಭಾಗಿಸಿದರೆ 75 ಇ1ಗಳು ಹಿಡಿಸಬೇಕೆಂದು ತೋರುತ್ತದೆ. ವಾಸ್ತವವಾಗಿ ಹಿಡಿಸುವುದು 63. ಪ್ರತಿಯೊಂದು ಇ1 ಅನ್ನೂ ನಿರ್ವಹಣಾ ಬಿಟ್‌ಗಳೊಡನೆ ಒಂದು ಧಾರಕದಲ್ಲಿರಿಸಿ, ಮೂರು ಧಾರಕಗಳ ಒಂದು ಗುಂಪು, ಏಳು ಗುಂಪುಗಳ ಒಂದು ದೊಡ್ಡ ಗುಂಪು, ಅಂತಹ ಮೂರು ದೊಡ್ಡ ಗುಂಪುಗಳ ಒಂದು ಚೌಕಟ್ಟು ಎಂಬಂತೆ ಜೋಡಿಸಲಾಗುತ್ತದೆ. ಬರಿಯ ಭಾಗಾಕಾರವನ್ನು ನಂಬಿ ಯೋಜಿಸಿದ ಮಾರ್ಗದಲ್ಲಿ 12 ಇ1, ಅಂದರೆ 360 ಸಂಭಾಷಣೆಗಳಿಗೆ ಸ್ಥಳವಿರುವುದಿಲ್ಲ. ಉತ್ತರ ಅಮೆರಿಕದ 1.544 ಮೆಗಾಬಿಟ್ ದರದ ಟಿ1 ಸಂಕೇತಗಳಾದರೆ ಒಂದು ಗುಂಪಿನಲ್ಲಿ ನಾಲ್ಕು ಸೇರುವುದರಿಂದ ಒಟ್ಟು 84 ಹಿಡಿಸುತ್ತವೆ.