ಹಣ ಖಾತೆಗೆ ಬಂದರೆ ಸಾಕೇ? ವಿದೇಶಕ್ಕೆ ಫೋಟೊ ಪ್ರಿಂಟ್ ಮಾರುವ ಮುನ್ನ

ನೀವು ತೆಗೆದ ಕಬಿನಿಯ ಕರಿಚಿರತೆ ಫೋಟೊ ನೋಡಿ ಜರ್ಮನಿಯಿಂದ ಒಬ್ಬರು ಪ್ರಿಂಟ್ ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಪೇಪಾಲ್‌ನಲ್ಲಿ ಹಣವೂ ಬಂತು. ಇನ್ನು ಚಿಂತೆಯಿಲ್ಲ ಎಂದು ನಮ್ಮಲ್ಲಿ ಹಲವರು ನಂಬುತ್ತೇವೆ. ಇದು ಪೂರ್ತಿ ನಿಜವಲ್ಲ.

ಬಂದ ಹಣ ವಾಪಸ್ ಹೋಗಲೂಬಹುದು. ಹಣ ಕೊಟ್ಟ ದಿನದಿಂದ 180 ದಿನಗಳೊಳಗೆ ‘ಪ್ರಿಂಟ್ ತಲುಪಿಲ್ಲ’ ಎಂದು ಗ್ರಾಹಕರು ಪೇಪಾಲ್‌ಗೆ ದೂರು ಕೊಡಬಹುದು. ಆಗ ನಮ್ಮನ್ನು ಕಾಯುವುದು, ಪಾವತಿ ವಿವರದಲ್ಲಿದ್ದ ವಿಳಾಸಕ್ಕೇ ಪಾರ್ಸೆಲ್ ಮುಟ್ಟಿದೆ ಎನ್ನುವ ಟ್ರ್ಯಾಕಿಂಗ್ ದಾಖಲೆ. ಹಾಗಾಗಿ ‘ಬೇರೆ ವಿಳಾಸಕ್ಕೆ ಕಳಿಸಿ’ ಎಂದರೆ ಹಣ ಹಿಂತಿರುಗಿಸಿ, ಹೊಸ ವಿಳಾಸ ಹಾಕಿ ಮತ್ತೆ ಪಾವತಿಸಲು ಹೇಳಿ.

‘ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದನ್ನು ನನ್ನ ಕೊರಿಯರ್ ಏಜೆಂಟ್‌ಗೆ ಕೊಡಿ’ ಎನ್ನುವುದು ಹಳೆಯ ಮೋಸ. ಚೆಕ್ ಬೌನ್ಸ್ ಆದರೆ ಅಥವಾ ಕಾರ್ಡ್ ಕದ್ದದ್ದಾದರೆ ಆ ಹಣ ಹಿಂದಕ್ಕೆ ಹೋಗುತ್ತದೆ. ಏಜೆಂಟ್‌ಗೆ ಕೊಟ್ಟದ್ದು ನಮ್ಮ ಜೇಬಿನದು.

ಕಸ್ಟಮ್ಸ್ ಫಾರ್ಮಿನಲ್ಲಿ ‘ಗಿಫ್ಟ್’ ಎಂದು ಬರೆದರೆ ತೆರಿಗೆ ತಪ್ಪುತ್ತದೆಯೇ? ಮಾರಿದ್ದನ್ನು ಉಡುಗೊರೆ ಎನ್ನುವುದು ಸುಳ್ಳು ಘೋಷಣೆ. ಐರೋಪ್ಯ ಒಕ್ಕೂಟದಲ್ಲಿ ಸಣ್ಣ ಪಾರ್ಸೆಲ್‌ಗಳಿಗೆ ಇದ್ದ 22 ಯೂರೊ ವ್ಯಾಟ್ ವಿನಾಯಿತಿಯೂ 2021ರ ಜುಲೈ 1ರಿಂದ ಇಲ್ಲ. ಬೆಲೆ ಕಡಿಮೆ ಬರೆದರೆ, ಪಾರ್ಸೆಲ್ ಕಳೆದುಹೋದಾಗ ಪೂರ್ತಿ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ತೆರಿಗೆ ಯಾರು ಕಟ್ಟಬೇಕೆಂದು ಗ್ರಾಹಕರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಅವರು ಪಾರ್ಸೆಲ್ ಬಿಡಿಸಿಕೊಳ್ಳದೇ ಹೋಗಬಹುದು.

ನೆನಪಿಡಿ, ಮಾರಾಟಕ್ಕೆ ಒಂದೇ ಪ್ರಿಂಟ್ ಕಳಿಸಿದರೂ ಅದು ರಫ್ತು. ಅದಕ್ಕೆ ಡಿಜಿಎಫ್‌ಟಿ ಕೊಡುವ ಐಇಸಿ ಸಂಖ್ಯೆಯನ್ನು ಮೊದಲೇ ಮಾಡಿಸಿಕೊಳ್ಳಿ. ಪಾವತಿಯ ವಿವರ, ಇನ್‌ವಾಯ್ಸ್, ಕಸ್ಟಮ್ಸ್ ಫಾರ್ಮ್ ಮೂರರಲ್ಲೂ ಹೆಸರು, ವಿಳಾಸ, ಬೆಲೆ ಒಂದೇ ಇರಲಿ.