ಬ್ರಾಸಿನ ಲೆಕ್ಕಕ್ಕೆ ಸಿಗದ ಬುಟ್ಟಿ

ಸೋಲಾಪುರ ದಾಟಿ ಅಕ್ಕಲಕೋಟೆಯ ರಸ್ತೆ ಹಿಡಿದರೆ ಕುಂಭಾರಿ ಎಂಬ ಊರು ಸಿಗುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆಂದೇ ಕಟ್ಟಿಸಿದ ಹತ್ತು ಸಾವಿರ ಮನೆಗಳ ವಸಾಹತು ಅಲ್ಲಿದೆ. ವಾರ್ಲಿ ಆದಿವಾಸಿಗಳ ನಡುವೆ ದುಡಿದ ಗೋದೂತಾಯಿ ಪರುಳೇಕರ ಅವರ ಹೆಸರು ಅದಕ್ಕೆ. ನರಸಯ್ಯ ಆಡಂ ಅವರ ಮುಂದಾಳುತನದಲ್ಲಿ ಕಾರ್ಮಿಕ ಸಂಘಟನೆ ವರ್ಷಗಟ್ಟಲೆ ಬೀದಿಗಿಳಿದು ಪಡೆದ ಮನೆಗಳವು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಹಸ್ತಾಂತರಿಸಿದರು. ಆಮೇಲೆ ಅದೇ ಕುಂಭಾರಿಯಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇ ನಗರ ಯೋಜನೆ ಕೈಗೂಡಿತು. ಅದರ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ಬೀಡಿಯ ಹೆಣ್ಣುಮಗಳು ಬಡವಿ, ಓದು ಕಡಿಮೆ, ಕೆಲಸ ಮಾಡುವುದು ಮನೆಯ ಮೂಲೆಯಲ್ಲಿ ಕೂತು. ಆದರೂ ಅವಳಿಗೆ ಗುರುತಿನ ಚೀಟಿ ಬಂತು, ಭವಿಷ್ಯ ನಿಧಿ ಬಂತು, ಕಡೆಗೆ ಸೂರೂ ಬಂತು. ಅದೇ ಜಿಲ್ಲೆಯಲ್ಲಿ ನಾಲ್ಕು ಜನರ ಕಣ್ಣೆದುರಿಗೆ, ಹಾಡುಹಗಲಲ್ಲಿ, ಇಟ್ಟಿಗೆ ಮರಳು ಖಡಿ ಹೊತ್ತು ಮನೆ ಕಟ್ಟುವವಳಿಗೆ ಅಷ್ಟು ಸಲೀಸಾಗಿ ಒಂದು ಚೀಟಿಯೂ ಸಿಗಲಿಲ್ಲ. ಕಟ್ಟಡ ಕೆಲಸದಲ್ಲಿ ಹೆಣ್ಣಿಗಿರುವ ಅಡ್ಡಿ ಏನು ಎಂದು ಕೇಳಿದಾಗ ಮೈಬಲ, ಅಪಾಯ, ಸಂಕೋಚ ಎಂಬ ಉತ್ತರಗಳು ಬಾಯಿಗೆ ಬರುತ್ತವೆ. ನನಗೆ ಕಾಣುವ ಉತ್ತರ ಬೇರೆ. ಅವಳ ಕೆಲಸವನ್ನು ಅಳೆಯುವ ಪದ್ಧತಿಯಲ್ಲೇ ಅವಳ ಹೆಸರು ಬೀಳದಂತಾಗಿದೆ. ಉಳಿದ ಅಡ್ಡಿಗಳು ಬಹುಪಾಲು ಅದರ ಬೆನ್ನಿಗೆ ಬಂದವು.

ಸೋಲಾಪುರದಲ್ಲಿ ಈ ಕಥೆಯನ್ನು ಕೆರೆಯಿಂದಲೇ ಆರಂಭಿಸಬೇಕು. 12ನೇ ಶತಮಾನದಲ್ಲಿ, ಸೋಲಾಪುರ ಇನ್ನೂ ಸೊನ್ನಲಿಗೆಯಾಗಿದ್ದಾಗ, ಶರಣ ಸಿದ್ಧರಾಮರು ಜನ ಕಟ್ಟಿಕೊಂಡು ಕೆರೆ ತೋಡಿಸಿದರು. ಅವರ ಚರಿತ್ರೆಯನ್ನು ಕವಿ ರಾಘವಾಂಕ ಬರೆದ. ಸಿದ್ಧರಾಮರನ್ನು ಅಲ್ಲಮಪ್ರಭು ಒಡ್ಡನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಣ್ಣು ಅಗೆಯುವ, ಕಲ್ಲು ಒಡೆಯುವ ಭೋವಿ ಜನ ಇಂದಿಗೂ ಸಿದ್ಧರಾಮರನ್ನು ತಮ್ಮ ಗುರುವೆಂದು ನಂಬಿದ್ದಾರೆ. ಮಣ್ಣು ವಡ್ಡರು, ಕಲ್ಲು ವಡ್ಡರು, ಬಂಡಿ ವಡ್ಡರು ಎಂದು ಕೆಲಸದಿಂದಲೇ ಹೆಸರು ಪಡೆದ ಈ ಜನ ಕನ್ನಡ, ಮರಾಠಿ, ತೆಲುಗು ನಾಡುಗಳ ಕೆರೆ, ಕೋಟೆ, ರಸ್ತೆಗಳನ್ನೆಲ್ಲ ಕಟ್ಟಿದವರು. ಅವರಲ್ಲಿ ಹೆಣ್ಣು ಕೆಲಸಕ್ಕೆ ಹೋಗಬಾರದೆಂಬ ಕಟ್ಟು ಎಂದೂ ಇರಲಿಲ್ಲ. ಗಂಡ ಗುದ್ದಲಿ ಹಿಡಿದರೆ ಹೆಂಡತಿ ಬುಟ್ಟಿ ಹಿಡಿಯುತ್ತಿದ್ದಳು. ಅಗೆದವನೊಬ್ಬ, ಹೊತ್ತವಳೊಬ್ಬಳು, ಇಬ್ಬರಿಲ್ಲದೆ ಕೆಲಸ ಸಾಗದು. ಕಟ್ಟಡ ಕೆಲಸಕ್ಕೆ ಹೆಂಗಸರನ್ನು ಹೊಸದಾಗಿ ತರಬೇಕು ಎಂಬಂತೆ ನಾವು ಮಾತಾಡುವುದು ತಪ್ಪು. ಅವರು ಮೊದಲಿನಿಂದಲೂ ಅಲ್ಲೇ ಇದ್ದಾರೆ, ಬುಟ್ಟಿಯ ಕೆಳಗೆ.

ಈ ಜೋಡಿಯ ಕೆಲಸವನ್ನು ಅಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಣ್ಣಿನ ಕೆಲಸದ ಲೆಕ್ಕ ಈ ಭಾಗದಲ್ಲಿ ಬ್ರಾಸಿನಲ್ಲಿ. ಒಂದು ಬ್ರಾಸೆಂದರೆ ನೂರು ಘನ ಅಡಿ. ಗುಂಡಿ ಅಗೆಯುವಾಗ ನಡುವೆ ಒಂದು ಮಣ್ಣಿನ ದಿಬ್ಬವನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ತಲೆಯ ಮೇಲೆ ಹಳೆಯ ಹುಲ್ಲು ಇನ್ನೂ ಅಂಟಿಕೊಂಡಿರುವ ಆ ದಿಬ್ಬವೇ ಮೂಲ ನೆಲ ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ. ಅಳೆಯುವವರು ಬಂದು ದಿಬ್ಬದ ನೆತ್ತಿಯಿಂದ ಗುಂಡಿಯ ತಳಕ್ಕೆ ಟೇಪು ಇಳಿಬಿಟ್ಟು ಆಳ ಹಿಡಿದು, ಉದ್ದ ಅಗಲ ಗುಣಿಸಿ ಬ್ರಾಸು ತೆಗೆಯುತ್ತಾರೆ. ಗುದ್ದಲಿ ಎಷ್ಟು ಕೆಲಸ ಮಾಡಿತು ಎಂಬುದನ್ನು ಗುಂಡಿ ಹೇಳುತ್ತದೆ. ಬುಟ್ಟಿ ಎಷ್ಟು ಸಲ ಹೋಗಿ ಬಂತು ಎಂಬುದಕ್ಕೆ ಅಂಥ ಸಾಕ್ಷಿ ಯಾವುದೂ ನೆಲದ ಮೇಲೆ ಉಳಿಯುವುದಿಲ್ಲ. ದರಪಟ್ಟಿಯಲ್ಲಿ ಲೀಡ್, ಲಿಫ್ಟ್ ಎಂಬ ಎರಡು ಮಾತುಗಳಿವೆ: ಮಣ್ಣನ್ನು ಎಷ್ಟು ದೂರ ಸಾಗಿಸಬೇಕು, ಎಷ್ಟು ಎತ್ತರಕ್ಕೆ ಏರಿಸಬೇಕು ಎಂದು. ಒಂದು ಮಿತಿಯವರೆಗಿನ ಸಾಗಾಟ ಅಗೆತದ ದರದೊಳಗೇ ಸೇರಿಹೋಗಿರುತ್ತದೆ. ಮಿತಿ ಮೀರಿದರೆ ಹೆಚ್ಚಿನ ದರವುಂಟು, ಆದರೆ ಅದೂ ಅದೇ ಬಿಲ್ಲಿಗೆ ಕೂಡಿಕೊಳ್ಳುತ್ತದೆ. ಸಿಂಬಿಯ ಮೇಲೆ ಬುಟ್ಟಿಯಿಟ್ಟು ಒಬ್ಬಳು ಇಡೀ ದಿನ ಏರಿ ಇಳಿದದ್ದೆಲ್ಲ ಕಾಗದದ ಮೇಲೆ ಬರುವಾಗ ಲೀಡ್ ಎಂಬ ಎರಡಕ್ಷರ. ಬ್ರಾಸಿನ ದುಡ್ಡು ಜೋಡಿಯ ಹೆಸರಿಗೆ. ಜೋಡಿಯ ಹೆಸರೆಂದರೆ ಗಂಡನ ಹೆಸರು.

ಸರ್ಕಾರದ ಹಜೇರಿ ಪುಸ್ತಕದಲ್ಲಿ ಅವಳು ಬೇರೆಯಾಗಿ ಕಾಣಿಸಿಕೊಂಡದ್ದು ಬರಗಾಲದ ದೆಸೆಯಿಂದ. 1876-77ರ ಬರ ಸೋಲಾಪುರ, ವಿಜಾಪುರ, ಕಲಾದಗಿ ಸೀಮೆಯನ್ನು ಹುರಿದು ಮುಕ್ಕಿದಾಗ ಮುಂಬಯಿ ಪ್ರಾಂತ್ಯದ ಸರ್ಕಾರ ರಸ್ತೆ, ಕೆರೆಗಳ ಕಾಮಗಾರಿ ತೆರೆಯಿತು. ಆರಂಭದ ದಿನಗೂಲಿ ಗಂಡಾಳಿಗೆ 2 ಆಣೆ, ಹೆಣ್ಣಾಳಿಗೆ ಒಂದೂವರೆ ಆಣೆ, ಕೆಲಸ ಮಾಡಬಲ್ಲ ಮಕ್ಕಳಿಗೆ 1 ಆಣೆ. ಆಮೇಲೆ ಧಾನ್ಯದ ಧಾರಣೆಗೆ ಕೂಲಿಯನ್ನು ಕಟ್ಟಿದಾಗ ಗಂಡಿಗೂ ಹೆಣ್ಣಿಗೂ ತಲಾ ಒಂದು ಪೌಂಡು ಕಾಳಿನ ಬೆಲೆ ಗೊತ್ತು ಮಾಡಿದರು. ಅದರ ಮೇಲಿನ ಕೈಕಾಸು ಮಾತ್ರ ಅವನಿಗೆ 1 ಆಣೆ, ಅವಳಿಗೆ ಅರ್ಧ ಆಣೆ. ಹಸಿವು ಇಬ್ಬರಿಗೂ ಒಂದೇ ಎಂದು ಒಪ್ಪಿದ ಸರ್ಕಾರ ದುಡಿಮೆಯನ್ನು ಮಾತ್ರ ಅರ್ಧಕ್ಕಿಳಿಸಿತು. ಆದರೂ ಈ ಕ್ರೂರ ಲೆಕ್ಕದೊಳಗೆ ಒಂದು ಸಂಗತಿ ಗಮನಿಸುವಂಥದ್ದು. ಅವಳಿಗೆ ತನ್ನದೇ ಒಂದು ಸಾಲು ಸಿಕ್ಕಿತು. ಗಂಡ ಸತ್ತವಳು, ಗಂಡ ಬಿಟ್ಟವಳು, ಜೋಡಿಯಿಲ್ಲದವಳು ಕೂಡ ಆ ಕಾಮಗಾರಿಗೆ ಬಂದು ನಿಲ್ಲಬಹುದಿತ್ತು.

ಸುಮಾರು ನೂರು ವರ್ಷದ ಮೇಲೆ, 1972ರ ಬರದಲ್ಲಿ, ಅದೇ ಚಿತ್ರ ಇನ್ನೂ ದೊಡ್ಡದಾಗಿ ಮರಳಿತು. 1973ರ ಬೇಸಿಗೆಯ ಹೊತ್ತಿಗೆ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳಲ್ಲಿ ಹತ್ತಿರ ಹತ್ತಿರ 50 ಲಕ್ಷ ಜನ ದುಡಿಯುತ್ತಿದ್ದರು. ಸೋಲಾಪುರ ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲೊಂದು. ಸಾಲಾಗಿ ಕೂತು ಸುತ್ತಿಗೆಯಿಂದ ಖಡಿ ಒಡೆಯುವ ಹೆಂಗಸರು ಆ ಕಾಲದ ಗುರುತಾಗಿಬಿಟ್ಟರು. ವಿ.ಎಸ್. ಪಾಗೆಯವರು 1965ರಲ್ಲಿ ಸಾಂಗ್ಲಿ ಜಿಲ್ಲೆಯ ವಿಸಾಪುರದಲ್ಲಿ ಪ್ರಯೋಗಕ್ಕಿಟ್ಟಿದ್ದ ಉದ್ಯೋಗ ಖಾತರಿಯ ಕಲ್ಪನೆ 1977ರಲ್ಲಿ ಕಾಯ್ದೆಯಾಯಿತು, 1979ರ ಜನವರಿ 26ರಂದು ಜಾರಿಗೆ ಬಂತು. ಕೇಳಿದವರಿಗೆ ಕೆಲಸ, ಗಂಡಿಗೂ ಹೆಣ್ಣಿಗೂ ಒಂದೇ ದರ, ಊರ ಹತ್ತಿರವೇ ಕಾಮಗಾರಿ, ಎಳೆ ಮಕ್ಕಳಿಗೆ ನೆರಳು. ಫಲವಾಗಿ ಕೂಲಿಕಾರರಲ್ಲಿ ಹೆಂಗಸರ ಪಾಲು ಅರ್ಧದ ಹತ್ತಿರಕ್ಕೇರಿತು. ಹೆಂಗಸರಿಗೆ ಇಂಥ ಕೆಲಸದ ಮೇಲೆ ಮನಸ್ಸಿಲ್ಲ, ಅವರಾಗಿ ಬರುವುದಿಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಹೆಸರು ಬರೆದುಕೊಂಡು, ದರ ಸಮ ಮಾಡಿ, ಮಗುವನ್ನು ಮಲಗಿಸಲು ಜಾಗ ಕೊಟ್ಟಾಗ ಅವರು ಸುಡುಬಿಸಿಲಲ್ಲೂ ಬಂದು ಕಲ್ಲು ಒಡೆದರು.

ಖಾಸಗಿ ಗುತ್ತಿಗೆಯ ದಾರಿ ಬೇರೆ. ಅಲ್ಲಿ ಗುತ್ತಿಗೆದಾರನಿಗೂ ಕೂಲಿಗೂ ನಡುವೆ ಮುಕಾದಮನಿರುತ್ತಾನೆ. ಅವನು ಮುಂಗಡ ಕೊಟ್ಟು ಜೋಡಿಗಳನ್ನು ಕರೆದೊಯ್ಯುತ್ತಾನೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕನ್ನಡದ ಹಳ್ಳಿಗಳಿಂದ, ಗಡಿಯಾಚೆಯ ಇಂಡಿ, ಆಳಂದದ ಕಡೆಯಿಂದ ಪುಣೆಗೆ, ಮುಂಬಯಿಗೆ ದುಡಿಯಲು ಹೋಗುವವರದೂ ಇದೇ ಪಾಡು. ಮುಂಗಡ ಗಂಡನ ಕೈಗೆ, ಪಗಾರದ ಲೆಕ್ಕ ಗಂಡನ ಹೆಸರಿಗೆ. ಇದನ್ನು ಸೋಲಾಪುರದ ಬೀಡಿಯ ಜೊತೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಬೀಡಿಗೆ ಸಾವಿರದ ಎಣಿಕೆ. ಎಲೆ, ತಂಬಾಕು, ದಾರ ಪಡೆದವಳು ಇಂತಿಷ್ಟು ಕಟ್ಟು ತಂದಳು ಎಂದು ಅವಳ ಹೆಸರಿನ ಮುಂದೆಯೇ ಬರೆಯುತ್ತಾರೆ. ಆ ಬರಹ ಇದ್ದುದರಿಂದಲೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಗೆ, 1976ರ ಕಲ್ಯಾಣ ನಿಧಿಗೆ ಹಿಡಿಯಲು ಒಂದು ಕೈ ಸಿಕ್ಕಿತು. ಮನೆಗಳನ್ನು ತಂದದ್ದು ಹೋರಾಟವೇ ಹೊರತು ಎಣಿಕೆಯಲ್ಲ ಎಂದು ಯಾರಾದರೂ ಹೇಳಬಹುದು. ಹೋರಾಟವಿಲ್ಲದಿದ್ದರೆ ಎಣಿಕೆಯಿಂದ ಏನೂ ಆಗುತ್ತಿರಲಿಲ್ಲ, ನಿಜ. ಬೀಡಿಯವಳ ಬದುಕೂ ಹೂವಿನ ಹಾಸಿಗೆಯಲ್ಲ. ತಂಬಾಕಿನ ದೂಳು ಅವಳ ಎದೆಯೊಳಗಿದೆ, ಚೆನ್ನಾಗಿಲ್ಲವೆಂದು ಕಟ್ಟುಗಳನ್ನು ಪಕ್ಕಕ್ಕೆಸೆಯುವ ಕೈ ಅವಳ ಪಗಾರ ಕತ್ತರಿಸುತ್ತದೆ. ಆದರೆ ಸಂಘ ಕಟ್ಟಲು ಮೊದಲು ಇಂಥವಳು ಇಂಥ ಕೆಲಸದವಳು ಎಂದು ತೋರಿಸಬೇಕು. ಬೀಡಿಯ ಹೆಣ್ಣುಮಗಳಿಗೆ ಅದನ್ನು ತೋರಿಸಲು ಕಾಗದವಿತ್ತು.

ಸಮಾನ ವೇತನದ ಕಾಯ್ದೆ 1976ರಿಂದಲೇ ಇತ್ತಲ್ಲ ಎಂಬ ಮಾತೂ ಬರುತ್ತದೆ. ಅದು ಕೇಳಿದ್ದು ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ. ಕಟ್ಟಡದಲ್ಲಿ ಗಂಡಿನ ಕೆಲಸ ಗೋಡೆ ಕಟ್ಟುವ ಗೌಂಡಿಯದು, ಹೆಣ್ಣಿನದು ಅವನ ಕೈಕೆಳಗಿನ ಬಿಗಾರಿಯದು. ಒಂದು ಕುಶಲ ಕೆಲಸ, ಇನ್ನೊಂದು ಅಕುಶಲ. ಹೀಗಾಗಿ ಕಾಯ್ದೆಗೆ ಎಲ್ಲೂ ಕುಂದು ಬರದೆ ಕೂಲಿಯ ಅಂತರ ನೆಮ್ಮದಿಯಾಗಿ ಉಳಿದುಕೊಂಡಿತು. ಗೌಂಡಿಯ ಕೈಕೆಳಗೆ ಬಿಗಾರಿಯಾಗಿ ಸೇರಿದ ಹುಡುಗ ಕೆಲವೇ ವರ್ಷಗಳಲ್ಲಿ ಥಾಪಿ ಹಿಡಿದು ತಾನೇ ಗೌಂಡಿಯಾಗುತ್ತಾನೆ. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಸಾಲು ಇಟ್ಟಿಗೆ ಇಟ್ಟು ನೋಡು ಎಂದು ಅವನಿಗೆ ಹೇಳುವವರಿರುತ್ತಾರೆ. ಅವನ ಪಕ್ಕದಲ್ಲೇ ಇಪ್ಪತ್ತು ವರ್ಷ ಗಿಲಾವಿನ ಬುಟ್ಟಿ ಹೊತ್ತವಳು ಇಪ್ಪತ್ತೊಂದನೆಯ ವರ್ಷವೂ ಬುಟ್ಟಿಯನ್ನೇ ಹೊರುತ್ತಾಳೆ. ಸಿಮೆಂಟಿಗೆ ಮರಳು ಎಷ್ಟು ಬೀಳಬೇಕು, ಗಿಲಾವು ಯಾವ ಹದದಲ್ಲಿರಬೇಕು ಎಂಬುದು ಅವಳಿಗೆ ಕೈಮುಟ್ಟಿದರೆ ತಿಳಿಯುತ್ತದೆ. ಹಾಗೆ ತಿಳಿದದ್ದಕ್ಕೆ ದರಪಟ್ಟಿಯಲ್ಲಿ ಹೆಸರಿಲ್ಲ.

ಗೌಂಡಿ ಕೆಲಸಕ್ಕೆ ಮೈಬಲ ಬೇಕು, ಅದು ಹೆಣ್ಣಿಗೆ ಆಗದು ಎಂಬ ಆಕ್ಷೇಪ ತಕ್ಕಡಿಯ ಮುಂದೆ ನಿಲ್ಲುವುದಿಲ್ಲ. ಒಂದು ಇಟ್ಟಿಗೆ ಸುಮಾರು ಮೂರು ಕಿಲೋ ತೂಗುತ್ತದೆ. ಗೌಂಡಿ ಒಮ್ಮೆಗೆ ಒಂದನ್ನು ಎತ್ತಿಡುತ್ತಾನೆ. ಅವನಿಗೆ ಇಟ್ಟಿಗೆ ಒದಗಿಸುವವಳು ಒಮ್ಮೆಗೆ ಎಂಟೋ ಹತ್ತೋ ಹೊತ್ತು, ಅಂದರೆ ಮೂವತ್ತು ಕಿಲೋದ ಹತ್ತಿರ ತಲೆಯ ಮೇಲಿಟ್ಟುಕೊಂಡು, ಕಟಕಟೆಯಿಲ್ಲದ ಮೆಟ್ಟಿಲು ಹತ್ತುತ್ತಾಳೆ. ಬಲ ಬೇಕಾದ ಕೆಲಸ ಅವಳದು, ಕುಶಲತೆಯ ಕೂಲಿ ಅವನದು. ಎತ್ತರ ಅಪಾಯ ಎಂಬ ಮಾತಿಗೂ ಇದೇ ಉತ್ತರ.

ಜೋಡಿ ಪದ್ಧತಿಯ ಪರವಾಗಿ ಹೇಳುವ ಇನ್ನೊಂದು ಮಾತಿದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಪರಸ್ಥಳದಲ್ಲಿ, ತಗಡಿನ ಶೆಡ್ಡಿನಲ್ಲಿ, ಕದವಿಲ್ಲದ ಬಚ್ಚಲಿನಲ್ಲಿ ಬದುಕುವಾಗ ಗಂಡನೋ ಅಣ್ಣನೋ ಜೊತೆಗಿದ್ದರೆ ಹೆಣ್ಣಿಗೆ ರಕ್ಷಣೆ. ಒಂಟಿಯಾಗಿ ಹೋದವಳ ಮೇಲೆ ಮುಕಾದಮನ ಕಣ್ಣು ಬೀಳದಂತೆ ಕಾಯುವವರಾರು? ಮಗುವನ್ನು ಇಬ್ಬರೂ ಸರದಿಯಂತೆ ನೋಡಿಕೊಳ್ಳಬಹುದು ಕೂಡ. ಇದೆಲ್ಲ ಒಪ್ಪತಕ್ಕದ್ದೇ. ಆದರೆ ಜೊತೆಗೆ ಹೋಗುವುದಕ್ಕೂ ಜೊತೆಯಾಗಿಯೇ ಲೆಕ್ಕ ಬರೆಯುವುದಕ್ಕೂ ನಂಟೇನಿಲ್ಲ. ಇಬ್ಬರೂ ಒಂದೇ ಶೆಡ್ಡಿನಲ್ಲಿದ್ದು ಎರಡು ಹೆಸರಿನಲ್ಲಿ ಪಗಾರ ಪಡೆಯಬಹುದು. ಗಂಡ ಕುಡಿದು ಮುಂಗಡ ಮುಗಿಸಿದ ದಿನ, ಇಲ್ಲವೇ ಅವನು ತಾರಸಿಯಿಂದ ಬಿದ್ದು ಸೊಂಟ ಮುರಿದುಕೊಂಡ ದಿನ, ಆ ಎರಡನೆಯ ಹೆಸರಿನ ಬೆಲೆ ತಿಳಿಯುತ್ತದೆ. ಶಿಶುಪಾಲನೆಯ ಮಾತಿನಲ್ಲೂ ಲೆಕ್ಕವೇ ಅಡ್ಡ ಬಂದಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕೆಂದದ್ದು 50ಕ್ಕಿಂತ ಹೆಚ್ಚು ಹೆಣ್ಣು ಕಾರ್ಮಿಕರಿರುವ ಕಡೆ. ಜೋಡಿಯೊಳಗೆ ಅಡಗಿದವಳನ್ನು ಎಣಿಸದಿದ್ದರೆ 50ರ ಗಡಿ ಯಾವ ಕಟ್ಟಡದಲ್ಲಿ ಮುಟ್ಟೀತು?

ಆದರೂ ಹಜೇರಿಯಲ್ಲಿ ಹೆಸರು ಬಿದ್ದೊಡನೆ ಥಾಪಿ ಕೈಗೆ ಬರುವುದಿಲ್ಲ ಎಂಬುದನ್ನು ಉದ್ಯೋಗ ಖಾತರಿಯ ಇತಿಹಾಸವೇ ತೋರಿಸುತ್ತದೆ. ಸಮಾನ ಕೂಲಿ ಪಡೆದ ಆ ಲಕ್ಷಾಂತರ ಹೆಂಗಸರು ಗೌಂಡಿಗಳಾಗಲಿಲ್ಲ. ಅದಕ್ಕೆ ಬೇರೆಯದೇ ಒಂದು ಅವಕಾಶ ಬೇಕಿತ್ತು. ಅದು ಸೋಲಾಪುರದ ನೆರೆಯಲ್ಲೇ ಒದಗಿದ್ದು ಒಂದು ದುರಂತದಿಂದ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ಕೆಡವಿತು. ಮಣ್ಣಿನ ಗಾರೆಯಲ್ಲಿ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳೇ ಮಲಗಿದವರ ಮೇಲೆ ಕುಸಿದವು. ಮರುನಿರ್ಮಾಣ ಶುರುವಾದಾಗ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಹೆಂಗಸರನ್ನು ಸಂವಾದ ಸಹಾಯಕರನ್ನಾಗಿ ಮುಂದೆ ತಂದಿತು. ಮೂಲೆಗಲ್ಲು ಹೇಗೆ ಕೂರಬೇಕು, ಗೋಡೆಯ ಉದ್ದಕ್ಕೂ ಕಟ್ಟುಪಟ್ಟಿ ಏಕೆ ಬೇಕು, ಸಿಮೆಂಟಿಗೆ ಎಷ್ಟು ದಿನ ನೀರು ಉಣಿಸಬೇಕು ಎಂಬುದನ್ನು ಅವರು ಕಲಿತರು, ಕಲಿತು ಕೆಲಸಗಾರರನ್ನು ತಡೆದು ಕೇಳಿದರು. ಕೇರಳದ ಏಟ್ಟುಮಾನೂರಿನ ಅರ್ಚನಾ ಮಹಿಳಾ ಕೇಂದ್ರ ಹೆಂಗಸರಿಗೆ ಗಾರೆ ಕೆಲಸ, ಬಡಗಿತನ ಕಲಿಸಿತು. ಅಹಮದಾಬಾದಿನ ಸೇವಾ ಸಂಘಟನೆ ಕಟ್ಟಡ ಕಾರ್ಮಿಕ ಹೆಂಗಸರಿಗಾಗಿಯೇ ಶಾಲೆ ತೆರೆಯಿತು. ಝಾರ್ಖಂಡದಲ್ಲಿ ಶೌಚಾಲಯ ಕಟ್ಟಲು ಗಂಡಾಳು ಸಾಲದಾದಾಗ ಕಲಿತ ಸಾವಿರಾರು ಹೆಂಗಸರಿಗೆ ರಾಣಿ ಮಿಸ್ತ್ರಿ ಎಂಬ ಹೆಸರೇ ಬಂತು. ಮೇಸ್ತ್ರಿಯ ಮುಂದೆ ರಾಣಿ ಎಂದು ಸೇರಿಸಿದ ಜನ ಅವಳನ್ನು ಒಂದು ಕಸುಬಿನವಳೆಂದು ಒಪ್ಪಿಕೊಂಡರು. ಇದಕ್ಕೆಲ್ಲ ಬೇಕಾದದ್ದು ಇಷ್ಟೇ: ಕಲಿಯುವ ದಿನಗಳಲ್ಲಿ ಮನೆಗೆ ರೊಟ್ಟಿ ನಿಲ್ಲದಂತೆ ಯಾರಾದರೂ ಹೊಣೆ ಹೊರಬೇಕು, ಕಲಿತ ಮೇಲೆ ಕಟ್ಟಲು ಕೆಲಸ ಸಿಗಬೇಕು.

ಹೆಂಗಸರಿಗೆ ಕಸುಬು ಕಲಿಸಬೇಕೆಂಬುದನ್ನು ಈಗ ಅವಸರದಿಂದ ಹೇಳಬೇಕಾಗಿರುವುದಕ್ಕೆ ಕಾರಣ ಜೆಸಿಬಿ ಮತ್ತು ರೆಡಿಮಿಕ್ಸ್ ಲಾರಿ. ಬುಟ್ಟಿಯ ಕೆಲಸವನ್ನೇ ಯಂತ್ರ ಮೊದಲು ನುಂಗುತ್ತದೆ. ಕಾಂಕ್ರೀಟು ಪಂಪಿನಲ್ಲಿ ಮೇಲೇರಿದರೆ ತಲೆಯಿಂದ ತಲೆಗೆ ಸಾಗಿಸುವ ಸಾಲು ಬೇಕಿಲ್ಲ. ಹೊರೆ ಇಳಿಯಿತೆಂದು ಸಂತೋಷ ಪಡಬಹುದಿತ್ತು, ಇಳಿದ ತಲೆಗೆ ಬೇರೆ ಕೆಲಸವಿದ್ದಿದ್ದರೆ. ಯಂತ್ರದ ಸೀಟಿನಲ್ಲಿ ಗಂಡಾಳು ಕೂತಿದ್ದಾನೆ, ಥಾಪಿ ಅವನ ಅಣ್ಣನ ಕೈಯಲ್ಲಿದೆ.

ಕಲ್ಯಾಣದ ನೆರವಿನಲ್ಲೂ ಹೆಸರಿನದೇ ಅಡ್ಡಿ. ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆ ವೆಚ್ಚದಲ್ಲಿ ಅವಳು ಹೊತ್ತ ಇಟ್ಟಿಗೆಯ ಕೂಲಿಯೂ ಸೇರಿದೆ. ಹೆರಿಗೆಯ ನೆರವು, ಮಕ್ಕಳ ಶಾಲೆಯ ಹಣ ಬರುವುದು ಆ ನಿಧಿಯಿಂದಲೇ. ಪಡೆಯಬೇಕಾದರೆ ನೋಂದಣಿ ಬೇಕು; ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಳೆಂಬ ಪ್ರಮಾಣಪತ್ರ ಬೇಕು. ಪುಣೆಯ ಮೂರು ಕಟ್ಟಡಗಳಲ್ಲಿ ದುಡಿದು ಮಿರಗ ಮಳೆಯ ಬಿತ್ತನೆಗೆಂದು ಅಕ್ಕಲಕೋಟೆಯ ಹಳ್ಳಿಗೆ ಮರಳಿದ ಕನ್ನಡದ ಹೆಣ್ಣುಮಗಳು ಮರಾಠಿಯಲ್ಲಿ ಅಚ್ಚಾದ ಅರ್ಜಿ ಹಿಡಿದು ಆ ಸಹಿಗಾಗಿ ಗ್ರಾಮ ಪಂಚಾಯತಿಗೆ ಹೋಗುತ್ತಾಳೆ. ಎಲ್ಲಿ ದುಡಿದೆ, ಯಾರ ಕೈಕೆಳಗೆ, ಎಷ್ಟು ದಿನ ಎಂದು ಕೇಳುತ್ತಾರೆ. ಮುಕಾದಮನ ವಹಿಯಲ್ಲಿರುವುದು ಒಂದೇ ಸಾಲು: ಗಂಡನ ಹೆಸರು, ಅದರ ಮುಂದೆ ಜೋಡಿ.