ಈಚಲ ರಸದ ಯೀಸ್ಟು ಮತ್ತು ಗ್ಲುಟಾಥಯೋನ್

ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು, ಸೇಡಂ–ಚಿತ್ತಾಪುರದ ತೊಗರಿ: ಈ ಸೀಮೆಯ ಹೆಸರು ಹೊರಗೆ ಹೋಗಿರುವುದು ಇವುಗಳಿಂದ. ಅತ್ತ ಚಿಂಚೋಳಿಯವರೆಗೂ ಈಚಲ ರಸದಲ್ಲಿ ದುಡಿಯುವ ಯೀಸ್ಟನ್ನು ಲೆಕ್ಕಕ್ಕೆ ಹಿಡಿದವರಿಲ್ಲ. ಯಾರೂ ಹೆಪ್ಪು ಹಾಕದಿದ್ದರೂ ಸಿಹಿ ನೀರಾ ಬಿಸಿಲೇರುವ ಹೊತ್ತಿಗೆ ನೊರೆಗಟ್ಟಿ ಹುಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೆಕೆಯಲ್ಲಿ, ತಾನೇ ಹುಟ್ಟಿಸಿದ ಮದ್ಯಸಾರದ ನಡುವೆ, ಯೀಸ್ಟಿನ ಕೋಶದೊಳಗೆ ಹೈಡ್ರೋಜನ್ ಪೆರಾಕ್ಸೈಡಿನಂಥ ಸುಡುವ ವಸ್ತುಗಳು ಹೆಚ್ಚುತ್ತವೆ. ಅವನ್ನು ತಣಿಸಲು ಗಂಧಕವುಳ್ಳ ಸಣ್ಣ ಅಣುವೊಂದಿದೆ: ಗ್ಲುಟಾಥಯೋನ್. ಈಗ ಮೈಬಣ್ಣ ತಿಳಿಯಾಗಲೆಂದು ಅದನ್ನೇ ಸೂಜಿಯಲ್ಲಿ ಏರಿಸಿಕೊಳ್ಳುವವರೂ ಇದ್ದಾರೆ. ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಈ ನಂಬಿಕೆಗೆ ಯೀಸ್ಟಿನ ಬದುಕಿನಲ್ಲಿ ಆಧಾರ ಸಿಗುವುದಿಲ್ಲ.

ಈ ಅಣುವಿನ ಸುಳಿವು ಸಿಕ್ಕಿದ್ದೇ ಯೀಸ್ಟಿನಲ್ಲಿ. 1888ರಲ್ಲಿ ಫ್ರಾನ್ಸಿನ ರೇ-ಪೈಲ್ಹಾದ್ ಅದನ್ನು ಗುರುತಿಸಿ ‘ಫಿಲೋಥಿಯಾನ್’ ಎಂದು ಕರೆದ. 1921ರಲ್ಲಿ ಕೇಂಬ್ರಿಜ್‌ನ ಹಾಪ್ಕಿನ್ಸ್ ಅದನ್ನು ಬೇರ್ಪಡಿಸಿ ಈಗಿನ ಹೆಸರಿಟ್ಟ. ಎರಡಲ್ಲ, ಮೂರು ಅಮೈನೋ ಆಮ್ಲಗಳ ಜೋಡಣೆ ಅದೆಂದು ಖಚಿತವಾಗಲು 1929 ಬರಬೇಕಾಯಿತು. ಕೋಶ ಅದನ್ನು ಎರಡು ಹಂತಗಳಲ್ಲಿ ಕಟ್ಟುತ್ತದೆ, ಮೊದಲ ಹಂತದ ಕಿಣ್ವ ಜಿಎಸ್‌ಎಚ್1. ಪೆರಾಕ್ಸೈಡ್ ಹೆಚ್ಚಿದಾಗ ಅದನ್ನು ಮೊದಲು ಗ್ರಹಿಸುವುದು ಜಿಪಿಎಕ್ಸ್3 ಎಂಬ ಇನ್ನೊಂದು ಪ್ರೋಟೀನು ಎಂದು 2002ರಲ್ಲಿ ತಿಳಿಯಿತು. ಅದು ಯಾಪ್1 ಎಂಬ ಪ್ರೋಟೀನಿನಲ್ಲಿ ಗಂಧಕದ ಕೊಂಡಿ ಬೀಳುವಂತೆ ಮಾಡುತ್ತದೆ. ಎಂದಿನಂತೆ ಕೋಶಕೇಂದ್ರದಿಂದ ಹೊರಹೋಗಬೇಕಿದ್ದ ಯಾಪ್1, ಕೊಂಡಿ ಬಿದ್ದೊಡನೆ ಅಲ್ಲೇ ಉಳಿದು ಜಿಎಸ್‌ಎಚ್1 ಜೀನನ್ನು ಚುರುಕುಗೊಳಿಸುತ್ತದೆ. ಗ್ಲುಟಾಥಯೋನ್ ಸಾಕಷ್ಟು ಕೂಡಿದರೆ ಅದೇ ಜಿಎಸ್‌ಎಚ್1 ಕಿಣ್ವದ ಕೈ ಕಟ್ಟುತ್ತದೆ. ಹೆಚ್ಚೇ ಒಳ್ಳೆಯದಾಗಿದ್ದರೆ ಈ ತಡೆ ಯಾಕಿರಬೇಕಿತ್ತು?

ಜಿಎಸ್‌ಎಚ್1 ಕಿತ್ತರೆ ಯೀಸ್ಟು ಬೆಳೆಯುವುದೇ ಇಲ್ಲ, ಹಾಗಾದರೆ ಈ ರಕ್ಷಾಕವಚವೇ ಪ್ರಾಣವಲ್ಲವೇ ಎಂದು ಯಾರಾದರೂ ಕೇಳಬಹುದು. ಹೊರಗಿನಿಂದ ತೀರಾ ಅಲ್ಪ ಗ್ಲುಟಾಥಯೋನ್ ಒದಗಿಸಿದರೂ ಆ ಯೀಸ್ಟು ಬೆಳೆಯುತ್ತದೆ, ಪೆರಾಕ್ಸೈಡಿಗೆ ಮಾತ್ರ ಬೇಗ ಬಲಿಯಾಗುತ್ತದೆ. ರಕ್ಷಣೆ ನಿಜ, ಆದರೆ ಜೀವ ನಿಂತಿರುವುದು ಅದರ ಮೇಲಲ್ಲ. 2011ರಲ್ಲಿ ಚಿತ್ರಾಂಶು ಕುಮಾರ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಗ್ಲುಟಾಥಯೋನ್ ಬತ್ತಿದಾಗ ಮೊದಲು ಕೆಡುವುದು ಹಲವು ಕಿಣ್ವಗಳಿಗೆ ಬೇಕಾದ ಕಬ್ಬಿಣ–ಗಂಧಕದ ಗುಚ್ಛಗಳ ಸಿದ್ಧತೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ: ಕೋಶದೊಳಗೆ ಅದನ್ನು ಅತಿಯಾಗಿ ತುಂಬಿದಾಗಲೂ ಅದೇ ಕೆಲಸ ಕೆಟ್ಟಿತು, ಪ್ರೋಟೀನುಗಳ ಮಡಿಚುವಿಕೆಯೂ ಏರುಪೇರಾಯಿತು.

ಕಾರ್ಖಾನೆಗಳು ಯೀಸ್ಟಿನಿಂದಲೇ ಹೇರಳ ಗ್ಲುಟಾಥಯೋನ್ ತೆಗೆಯುತ್ತವಲ್ಲ ಎಂಬುದು ಇನ್ನೊಂದು ಆಕ್ಷೇಪ. ತೆಗೆಯುತ್ತವೆ, ನಿಜ. ಆದರೆ ಅವು ಆರಿಸಿ, ತಿದ್ದಿ, ತೊಟ್ಟಿಯಲ್ಲಿ ಅಳತೆ ಮಾಡಿ ಉಣಿಸಿ ಸಾಕಿದ ತಳಿಗಳು. ಈಚಲ ರಸದಲ್ಲಿ ಬದುಕಬೇಕಾದ ಯೀಸ್ಟಿಗೆ ಆ ಸವಲತ್ತಿಲ್ಲ. ಅದು ಗ್ಲುಟಾಥಯೋನನ್ನು ಕೂಡಿಡುವುದಷ್ಟೇ ಅಲ್ಲ, ಬೇಕಾದಾಗ ಖರ್ಚೂ ಮಾಡುತ್ತದೆ: ಚಂಡೀಗಢದಲ್ಲಿ ಆನಂದ್ ಬಛಾವತ್ ಅವರ ಗುಂಪು ಯೀಸ್ಟು ತನ್ನ ಗ್ಲುಟಾಥಯೋನನ್ನು ತಾನೇ ಒಡೆಯುವ ‘ಡಗ್’ ಮಾರ್ಗವನ್ನು ಪತ್ತೆಹಚ್ಚಿತು. ಗಂಧಕ ಕಡಿಮೆ ಬಿದ್ದಾಗ ಕೋಶ ಅಲ್ಲಿಂದಲೇ ಸಿಸ್ಟೀನನ್ನು ಮರಳಿ ಪಡೆದು ಪ್ರೋಟೀನು ಕಟ್ಟಲು ಬಳಸುತ್ತದೆ.